ಕಂಪ್ಯೂಟರ್ ಮೇಜಿನ ಚೀಟಿ: ಏಳು ಸಾಲಿಗೆ ವ್ಯಾಖ್ಯಾನ

ಮೈಸೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮೇಜಿನ ಎದುರು ಗೋಡೆಗೆ ಒಂದು ಚೀಟಿ ಅಂಟಿಸಿದೆ. ಅಮ್ಮನಿಗೆಂದು ನಾನು ಬರೆದದ್ದು, ಏಳು ಸಾಲು. ಮೆಲ್ಬರ್ನ್‌ನಲ್ಲಿರುವ ತಂಗಿ ಅಮ್ಮನಿಗೆ ಇಮೇಲ್‌ನಲ್ಲಿ ಕಾಗದ ಬರೆಯುತ್ತಾಳೆ. ವಾಟ್ಸಾಪ್ ಬಂದ ಮೇಲೂ ಮನಸ್ಸಿನ ಮಾತಿಗೆ ಅವರಿಬ್ಬರಿಗೂ ಇಮೇಲೇ ಬೇಕು. ಅಮ್ಮ ಅವನ್ನೆಲ್ಲ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ‘ಮಗಳು’ ಎಂಬ ಫೋಲ್ಡರ್ ಮಾಡಿ ಇಟ್ಟುಕೊಂಡಿದ್ದಾಳೆ. ಒಂದು ಸಂಜೆ, ಎರಡು ಸಲ ಬಂದಿದ್ದ ಒಂದು ಕಾಗದವನ್ನು ತೆಗೆಯಲು ಹೋಗಿ, ಕಂಟ್ರೋಲ್ ಜೊತೆ ಎ ಒತ್ತಿ ಡಿಲೀಟ್ ಒತ್ತಿಬಿಟ್ಟಳು. ಫೋಲ್ಡರ್ ಬರಿದಾಯಿತು. ಗಾಬರಿಯಲ್ಲಿ ಟ್ರ್ಯಾಶ್ ತೆರೆಯಲು ಹೋಗಿ ಅದನ್ನೂ ಖಾಲಿ ಮಾಡಿದಳು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಬಂತು: ಕಾಂಪ್ಯಾಕ್ಟ್ ಮಾಡಲೇ? ಅಲ್ಲಿ ಅವಳ ಕೈ ನಿಂತಿತು, ನನ್ನನ್ನು ಕೂಗಿದಳು.

ಆ ರಾತ್ರಿ ಕಾಗದಗಳನ್ನು ವಾಪಸು ತಂದೆವು. ಮರುದಿನ ಚೀಟಿ ಬರೆದೆ. ಅಮ್ಮ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು. ಕಾರಣ ತಿಳಿಯದೆ ಯಾವ ಸಾಲನ್ನೂ ಒಪ್ಪುವವಳಲ್ಲ. ಒಂದೊಂದು ಸಾಲಿಗೂ ಅವಳಿಗೆ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

1. ಮೊದಲು ಕೈ ತೆಗಿ.

ಈ ಸಾಲಿನ ತೂಕವೆಲ್ಲ ‘ಮೊದಲು’ ಎಂಬ ಮಾತಿನಲ್ಲಿದೆ. ಅಳಿಸುವುದು ಎಂದರೆ ನಮ್ಮ ಕಣ್ಣಿಗೆ ಸ್ಲೇಟು ಒರೆಸಿದ ಚಿತ್ರ ಬರುತ್ತದೆ: ಒದ್ದೆ ಬಟ್ಟೆ ಆಡಿತು, ಅಕ್ಷರ ಹೋಯಿತು. ಕಂಪ್ಯೂಟರ್ ಹಾಗೆ ಅಳಿಸುವುದಿಲ್ಲ. ಅದು ಮಾಡುವುದು ಹಾಜರಿ ಪುಸ್ತಕದಲ್ಲಿ ಮೇಡಂ ಮಾಡುವ ಕೆಲಸ. ಶಾಲೆ ಬಿಟ್ಟ ಹುಡುಗನ ಹೆಸರಿಗೆ ಅಡ್ಡಗೆರೆ ಎಳೆಯುತ್ತಾರೆ, ಹೆಸರು ಗೆರೆಯ ಕೆಳಗೆ ಹಾಗೆಯೇ ಉಳಿಯುತ್ತದೆ. ಅದು ಕಾಣದಾಗುವುದು ಆ ಜಾಗದ ಮೇಲೆ ಇನ್ನೊಂದು ಹೆಸರು ಬರೆದಾಗ. ಆದ್ದರಿಂದ ತಪ್ಪಾಯಿತೆಂದು ತಿಳಿದ ಕೂಡಲೇ ಮಾಡಬೇಕಾದ ಕೆಲಸ ಏನನ್ನೂ ಮಾಡದಿರುವುದು. ಗಾಬರಿಯಲ್ಲಿ ಒತ್ತುವ ನಾಲ್ಕು ಗುಂಡಿಗಳು ಮೊದಲಿನ ತಪ್ಪಿಗಿಂತ ಹೆಚ್ಚು ಹಾನಿ ಮಾಡುತ್ತವೆ.

ಇದಕ್ಕೆ ಒಂದೇ ವಿನಾಯಿತಿ. ಡಿಲೀಟ್ ಒತ್ತಿದ ಆ ಗಳಿಗೆಯಲ್ಲೇ ತಪ್ಪು ಗೊತ್ತಾದರೆ ಕಂಟ್ರೋಲ್ ಜೊತೆ ಝಡ್ ಒತ್ತಬಹುದು. ಜಿಮೇಲ್‌ನಲ್ಲಾದರೆ ಪರದೆಯ ಕೆಳಗೆ ಕ್ಷಣಕಾಲ ಕಾಣುವ ‘ಅನ್‌ಡು’ ಒತ್ತಬಹುದು.

2. ಕಸದ ಬುಟ್ಟಿ ನೋಡು, ಪಕ್ಕದ ಪೆಟ್ಟಿಗೆಗಳನ್ನೂ ನೋಡು.

ಇದು ಎಲ್ಲರಿಗೂ ಗೊತ್ತಿರುವ ಸಾಲು. ಜಿಮೇಲ್‌ನ ಟ್ರ್ಯಾಶ್‌ನಲ್ಲಿ ಕಾಗದ 30 ದಿನ ಇರುತ್ತದೆ, ಆಮೇಲೆ ತಾನಾಗಿಯೇ ಹೋಗುತ್ತದೆ. ಸ್ಪ್ಯಾಮ್‌ಗೂ ಅದೇ 30 ದಿನ. ಔಟ್‌ಲುಕ್ ಡಾಟ್ ಕಾಮ್‌ನಲ್ಲಿ ಬುಟ್ಟಿಯ ಹಿಂದೆ ಇನ್ನೊಂದು ಬುಟ್ಟಿಯಿದೆ: ‘ಡಿಲೀಟೆಡ್ ಐಟಮ್ಸ್’ ಫೋಲ್ಡರ್ ಬರಿದಾಗಿದ್ದರೂ, ಅಲ್ಲಿಂದ ಅಳಿಸಿದ್ದನ್ನು ಮರಳಿ ತರುವ ಕೊಂಡಿ ಅದೇ ಫೋಲ್ಡರಿನಲ್ಲಿ ಸಿಗುತ್ತದೆ.

‘ಪಕ್ಕದ ಪೆಟ್ಟಿಗೆ’ ಎಂದದ್ದು ಬೇಕೆಂದೇ. ಅಳಿಸಿದೆ ಎಂದು ಅತ್ತವರ ಕಾಗದಗಳಲ್ಲಿ ಎಷ್ಟೋ ಅಳಿಸಿಯೇ ಇರುವುದಿಲ್ಲ. ಜಿಮೇಲ್‌ನಲ್ಲಿ ‘ಆರ್ಕೈವ್’ ಗುಂಡಿಯೂ ‘ಡಿಲೀಟ್’ ಗುಂಡಿಯೂ ಅಕ್ಕಪಕ್ಕದ ಮನೆಯವರು. ಫೋನಿನಲ್ಲಂತೂ ಬೆರಳು ಸರಿಸಿದರೆ ಕಾಗದ ಆರ್ಕೈವ್ ಆಗುವುದುಂಟು. ಇನ್‌ಬಾಕ್ಸ್‌ನಿಂದ ಮರೆಯಾದ ಅದು ‘ಆಲ್ ಮೇಲ್’ನಲ್ಲಿ ಕ್ಷೇಮವಾಗಿರುತ್ತದೆ. ಇನ್ನೊಂದು ಮಾತು: ಜಿಮೇಲ್‌ನಲ್ಲಿ ಸುಮ್ಮನೆ ಹುಡುಕಿದರೆ ಅದು ಸ್ಪ್ಯಾಮ್ ಮತ್ತು ಟ್ರ್ಯಾಶ್ ಒಳಗೆ ನೋಡುವುದಿಲ್ಲ. ಹುಡುಕುವ ಪಟ್ಟಿಯ ತುದಿಯ ಗುರುತು ಒತ್ತಿ, ‘ಮೇಲ್, ಸ್ಪ್ಯಾಮ್, ಟ್ರ್ಯಾಶ್’ ಮೂರನ್ನೂ ಸೇರಿಸಿ ಹುಡುಕಬೇಕು. ಹಾಗೆ ಹುಡುಕುವವರೆಗೂ ‘ಹೋಯಿತು’ ಎನ್ನಬಾರದು.

3. ಕಾಗದ ಮನೆಯಲ್ಲಿತ್ತೋ, ಅಂಚೆ ಕಚೇರಿಯಲ್ಲಿತ್ತೋ ತಿಳಿದುಕೋ.

ಮನೆ ಎಂದರೆ ನಮ್ಮ ಕಂಪ್ಯೂಟರ್, ಅಂಚೆ ಕಚೇರಿ ಎಂದರೆ ಸರ್ವರ್. ಇಮೇಲ್ ತರಿಸುವ ಮುಖ್ಯ ಪದ್ಧತಿಗಳು ಎರಡು. ಪಿಒಪಿ ಎಂಬುದು ಅಂಚೆ ಕಚೇರಿಗೆ ಹೋಗಿ ಕಾಗದ ಮನೆಗೆ ತರುವ ಪದ್ಧತಿ. ‘ಪ್ರತಿಯನ್ನು ಸರ್ವರ್‌ನಲ್ಲೇ ಬಿಡು’ ಎಂದು ಗುರುತು ಹಾಕಿರದಿದ್ದರೆ ಅಲ್ಲಿ ಏನೂ ಉಳಿಯುವುದಿಲ್ಲ. ಐಮ್ಯಾಪ್ ಎಂಬುದು ಕಾಗದವನ್ನು ಕಚೇರಿಯಲ್ಲೇ ಇಟ್ಟು ಮನೆಯಿಂದ ಓದುವ ಪದ್ಧತಿ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಇದನ್ನು ರೂಪಿಸಿದರು.

ಎರಡರ ಒಳಗೂ ಅದೇ ಅಡ್ಡಗೆರೆಯ ನ್ಯಾಯವಿದೆ, ಇದು ನನಗೆ ತುಂಬ ಹಿಡಿಸಿದ ಸಂಗತಿ. 1996ರ ಪಿಒಪಿ-3 ನಿಯಮದ ಪ್ರಕಾರ ‘ಅಳಿಸು’ ಎಂಬ ಆಜ್ಞೆ ಬಂದಾಗ ಸರ್ವರ್ ಕಾಗದಕ್ಕೆ ಗುರುತು ಮಾತ್ರ ಹಾಕುತ್ತದೆ. ‘ಹೊರಡುತ್ತೇನೆ’ ಎಂದು ಹೇಳಿ ನಾವು ಸಂಪರ್ಕ ಮುಗಿಸಿದಾಗಲೇ ಅದು ನಿಜವಾಗಿ ತೆಗೆಯುವುದು. ನಡುವೆ ಕರೆಂಟ್ ಹೋಗಿ ಸಂಪರ್ಕ ಕಡಿದರೆ ಒಂದು ಕಾಗದವನ್ನೂ ತೆಗೆಯಕೂಡದು. ಐಮ್ಯಾಪ್‌ನಲ್ಲಿಯೂ ಅಳಿಸಿದ್ದೆಂಬ ಗುರುತು ಒಂದು, ಹೊರಹಾಕುವ ಆಜ್ಞೆ ಇನ್ನೊಂದು. ನಿಯಮ ಬರೆದವರಿಗೆ ಮನುಷ್ಯರ ಕೈತಪ್ಪು ಗೊತ್ತಿತ್ತು.

ಐಮ್ಯಾಪ್ ಬಳಸುವವರಿಗೆ ಒಂದು ಉಪಾಯ. ತಪ್ಪು ಫೋನಿನಲ್ಲಿ ಆಗಿದ್ದು, ಮನೆಯ ಕಂಪ್ಯೂಟರ್ ಆಗ ಆಫ್ ಆಗಿದ್ದರೆ, ಅದರಲ್ಲಿರುವ ಪ್ರತಿಗೆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಮೊದಲು ಇಂಟರ್‌ನೆಟ್ ತಂತಿ ಕಿತ್ತು ಅಥವಾ ವೈಫೈ ಆರಿಸಿ, ಆಮೇಲೆ ಕಂಪ್ಯೂಟರ್ ಹಾಕಿ, ಕಾಗದವನ್ನು ‘ಲೋಕಲ್ ಫೋಲ್ಡರ್ಸ್’ಗೆ ನಕಲು ಮಾಡಿಕೊಳ್ಳಬೇಕು. ಇಂಟರ್‌ನೆಟ್ ಇಟ್ಟುಕೊಂಡೇ ತೆರೆದರೆ ಮನೆಯ ಪ್ರತಿಯೂ ಕಣ್ಣೆದುರೇ ಹೋಗುತ್ತದೆ.

ಅಮ್ಮನದು ಪಿಒಪಿ. ಸರ್ವರ್‌ನಲ್ಲಿ ಏನೂ ಇರಲಿಲ್ಲ. ಇದ್ದದ್ದು ಮೇಜಿನ ಕೆಳಗಿನ ಡಬ್ಬದಲ್ಲೇ.

4. ‘ಕಾಂಪ್ಯಾಕ್ಟ್ ಮಾಡಲೇ’ ಎಂದರೆ ಬೇಡ ಅನ್ನು.

ಚೀಟಿಯಲ್ಲಿ ಇದೊಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಥಂಡರ್‌ಬರ್ಡ್ ಒಂದೊಂದು ಫೋಲ್ಡರಿನ ಕಾಗದಗಳನ್ನೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಒಂದರ ಕೆಳಗೊಂದು ಪೋಣಿಸಿ ಇಡುತ್ತದೆ. ಎಂಬಾಕ್ಸ್ ಎಂದು ಅದರ ಹೆಸರು, ಯೂನಿಕ್ಸ್ ಕಾಲದಿಂದ ಬಂದ ಪದ್ಧತಿ. ಒಂದು ಕಾಗದವನ್ನು ಅಳಿಸಿದಾಗ ಅದರ ಪ್ರತಿಯೊಂದು ಟ್ರ್ಯಾಶ್ ಕಡತಕ್ಕೆ ಹೋಗುತ್ತದೆ. ಮೂಲ ಕಡತದೊಳಗಿನ ಕಾಗದ ಜಾಗ ಬಿಟ್ಟು ಕದಲುವುದಿಲ್ಲ, ತಲೆಯ ಮೇಲೆ ಅಡ್ಡಗೆರೆ ಮಾತ್ರ ಬೀಳುತ್ತದೆ. ಉದ್ದ ಕಡತದ ನಡುವಿನಿಂದ ಒಂದು ತುಂಡು ಕತ್ತರಿಸುವುದು ಯಂತ್ರಕ್ಕೆ ದುಬಾರಿ ಕೆಲಸ. ಕತ್ತರಿಸಿದ ಜಾಗದ ಕೆಳಗಿನದನ್ನೆಲ್ಲ ಮೇಲಕ್ಕೆ ಸರಿಸಿ ಬರೆಯಬೇಕು. ಅದಕ್ಕೇ ಮುಂದೂಡುತ್ತದೆ.

ಇದರಿಂದ ಏನಾಯಿತು ನೋಡಿ. ಅಮ್ಮ ಟ್ರ್ಯಾಶ್ ಖಾಲಿ ಮಾಡಿದಾಗ ಹೋದದ್ದು ಟ್ರ್ಯಾಶ್‌ನ ಪ್ರತಿ. ‘ಮಗಳು’ ಫೋಲ್ಡರಿನ ಕಡತದಲ್ಲಿ ಮೂಲ ಕಾಗದಗಳೆಲ್ಲ ಇದ್ದವು. ಪರದೆಯ ಮೇಲೆ ಫೋಲ್ಡರ್ ಖಾಲಿ, ಡಿಸ್ಕಿನಲ್ಲಿ ಕಡತ ಮೊದಲಿನಷ್ಟೇ ಭಾರ. ಅದರ ಗಾತ್ರ ನೋಡಿದಾಗಲೇ ನನಗೆ ಉಸಿರು ಬಂದದ್ದು.

ಇನ್ನು ಕಾಂಪ್ಯಾಕ್ಟ್. ಅಡ್ಡಗೆರೆ ಬಿದ್ದ ಹೆಸರು ಹೆಚ್ಚಾಯಿತೆಂದು ಮೇಡಂ ಹೊಸ ಹಾಜರಿ ಪುಸ್ತಕಕ್ಕೆ ಉಳಿದ ಹೆಸರುಗಳನ್ನು ಮಾತ್ರ ಶುದ್ಧವಾಗಿ ಬರೆದು, ಹಳೆಯದನ್ನು ರದ್ದಿಗೆ ಹಾಕಿದಂತೆ. ಥಂಡರ್‌ಬರ್ಡ್ ಅಕ್ಷರಶಃ ಇದನ್ನೇ ಮಾಡುತ್ತದೆ: ಹೊಸ ಕಡತಕ್ಕೆ ಗೆರೆಯಿಲ್ಲದ ಕಾಗದಗಳನ್ನು ನಕಲು ಮಾಡಿ, ಹಳೆಯ ಕಡತದ ಜಾಗದಲ್ಲಿ ಅದನ್ನು ಕೂರಿಸುತ್ತದೆ. ‘ಇಷ್ಟು ಜಾಗ ಉಳಿಯುತ್ತದೆ’ ಎಂದು ಅದು ಕೇಳುವಾಗ ಆ ಜಾಗದಲ್ಲಿ ಇರುವುದು ನಾವು ಅಳಿಸಿದ ಕಾಗದಗಳೇ. ತಾನಾಗಿಯೇ ಕಾಂಪ್ಯಾಕ್ಟ್ ಮಾಡುವ ಸೆಟ್ಟಿಂಗ್ ಕೂಡ ಇದೆ. ಅದನ್ನು ‘ಪ್ರತಿ ಸಲ ಕೇಳು’ ಎಂದು ಬದಲಿಸಿಡುವುದು ಒಳ್ಳೆಯದು.

5. ಕಡತದ ನಕಲು ತೆಗೆದು, ನಕಲಿನ ಮೇಲೆ ಕೆಲಸ ಮಾಡು.

ಕೆಲಸ ಸಣ್ಣದು, ಕೈ ಜೋಪಾನವಾಗಿರಬೇಕು. ‘ಹೆಲ್ಪ್’ ಪಟ್ಟಿಯ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ತೆರೆದರೆ ಪ್ರೊಫೈಲ್ ಫೋಲ್ಡರಿನ ದಾರಿ ಸಿಗುತ್ತದೆ. ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಬೇಕು. ನಕಲಿನೊಳಗೆ ಮೇಲ್ ಫೋಲ್ಡರಿನ ಹೆಸರಿನ ಕಡತಗಳು ಎರಡಿರುತ್ತವೆ. ಹೆಸರಿಗೆ ಬಾಲವಿಲ್ಲದ್ದು ಕಾಗದಗಳ ಕಡತ. ಎಂಎಸ್ಎಫ್ ಬಾಲದ್ದು ಅದರ ಸೂಚಿ.

ಬಾಲವಿಲ್ಲದ್ದನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಎಡಿಟರ್‌ನಲ್ಲಿ ತೆರೆದರೆ ಪ್ರತಿ ಕಾಗದದ ತಲೆಯಲ್ಲಿ ‘ಎಕ್ಸ್-ಮೊಝಿಲ್ಲಾ-ಸ್ಟೇಟಸ್’ ಎಂಬ ಸಾಲು, ಅದರ ಮುಂದೆ ನಾಲ್ಕು ಅಂಕಿ ಕಾಣುತ್ತವೆ. ಅಂಕಿಯಲ್ಲಿ 1 ಎಂದರೆ ಓದಿದ್ದು, 2 ಎಂದರೆ ಉತ್ತರಿಸಿದ್ದು, 8 ಎಂದರೆ ಅಳಿಸಿದ್ದು. ಇವನ್ನು ಕೂಡಿಸಿ ಬರೆದಿರುತ್ತದೆ. 0009 ಎಂದರೆ ಓದಿ ಅಳಿಸಿದ ಕಾಗದ. ಅದನ್ನು 0001 ಎಂದು ತಿದ್ದಿದರೆ ಅಡ್ಡಗೆರೆ ಹೋಯಿತು. 9ರ ನಂತರದ ಅಂಕಿಗಳಿಗೆ ಇಲ್ಲಿ ಅಕ್ಷರ ಬಳಸುವುದರಿಂದ, ಓದಿ ಉತ್ತರಿಸಿ ಅಳಿಸಿದ್ದರ ಮೊತ್ತ 11, ‘ಬಿ’ ಎಂದು ಕಾಣುತ್ತದೆ. ಅದನ್ನು 3 ಮಾಡಬೇಕು. ತಿದ್ದಿದ ಕಡತವನ್ನು ಹಳೆಯ ಜಾಗದಲ್ಲಿ ಇಟ್ಟು, ಎಂಎಸ್ಎಫ್ ಸೂಚಿಯನ್ನು ತೆಗೆದುಹಾಕಿ ಥಂಡರ್‌ಬರ್ಡ್ ತೆರೆದರೆ ಅದು ಹೊಸ ಸೂಚಿ ಕಟ್ಟಿಕೊಳ್ಳುತ್ತದೆ, ಕಾಗದಗಳು ಕಾಣುತ್ತವೆ.

ಕನ್ನಡದವರಿಗೆ ಇಲ್ಲಿ ವಿಶೇಷವಾಗಿ ಒಂದು ಮಾತು. ಕಡತ ತೆರೆದಾಗ ಅಮ್ಮ ನಿಟ್ಟುಸಿರಿಟ್ಟಳು. ತಂಗಿ ಬರೆದ ಕನ್ನಡದ ಒಂದಕ್ಷರವೂ ಅಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿಗಳ ಅರ್ಥವಿಲ್ಲದ ಸಾಲುಗಳು. ಕಾಗದ ಕೆಟ್ಟುಹೋಗಿರಲಿಲ್ಲ. ಇಮೇಲ್ ಹುಟ್ಟಿದಾಗ ಅದರ ದಾರಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿತ್ತು, ಬೇರೆ ಭಾಷೆಯದು ವೇಷ ಬದಲಿಸಿ ಹೋಗಬೇಕಿತ್ತು. ಕನ್ನಡದ ಒಂದೊಂದು ಚಿಹ್ನೆಗೆ ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಬೇಸ್-64 ಎಂಬ ವೇಷದಲ್ಲಿ ಆ 3 ಬೈಟ್ 4 ಇಂಗ್ಲಿಷ್ ಗುರುತುಗಳಾಗುತ್ತವೆ. ಆದ್ದರಿಂದ ಕಡತದೊಳಗೆ ‘ಅಮ್ಮ’ ಎಂದು ಹುಡುಕಿದರೆ ಸಿಗದು. ಬರೆದವರ ಇಮೇಲ್ ವಿಳಾಸ ಅಥವಾ ತಾರೀಖು ಹಿಡಿದು ಹುಡುಕಬೇಕು. ಆ ಅರ್ಥವಿಲ್ಲದ ಸಾಲುಗಳನ್ನು ಕಸವೆಂದು ಅಳಿಸಬೇಡಿ.

6. ಡಿಸ್ಕ್ ಕೆದಕುವುದಾದರೆ ಬೇರೆ ಡಿಸ್ಕ್‌ನಿಂದ ಕೆದಕು.

ಕಾಂಪ್ಯಾಕ್ಟ್ ಆಗಿಹೋಗಿದ್ದರೆ? ರದ್ದಿಗೆ ಹಾಕಿದ ಹಳೆಯ ಕಡತವೂ ಕೂಡಲೇ ಸುಟ್ಟುಹೋಗುವುದಿಲ್ಲ. ಡಾಸ್ ಕಾಲದ ಫ್ಯಾಟ್ ಪದ್ಧತಿಯಲ್ಲಿ ಕಡತ ಅಳಿಸುವುದೆಂದರೆ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರವನ್ನು ಒಂದು ಗುರುತಿಗೆ ಬದಲಿಸಿ, ಅದರ ಜಾಗ ಖಾಲಿಯೆಂದು ಬರೆದುಕೊಳ್ಳುವುದು. ಒಳಗಿನದು ಹಾಗೆಯೇ. 1982ರಲ್ಲಿ ಪೀಟರ್ ನಾರ್ಟನ್ ಹೊರತಂದ ಅನ್‌ಇರೇಸ್ ತಂತ್ರಾಂಶ ನಿಂತದ್ದೇ ಈ ಸತ್ಯದ ಮೇಲೆ. ಇಂದಿನ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿಯೂ ಕಡತದ ದಾಖಲೆಗೆ ‘ಬಳಕೆಯಲ್ಲಿಲ್ಲ’ ಎಂಬ ಗುರುತು ಬೀಳುತ್ತದೆ, ಅಷ್ಟೇ. ರೆಕುವಾ, ಫೋಟೋರೆಕ್‌ನಂಥ ತಂತ್ರಾಂಶಗಳು ಇಂಥ ಉಳಿಕೆಗಳನ್ನೇ ಹುಡುಕುವುದು.

ಆದರೆ ಅವನ್ನು ಅದೇ ಡಿಸ್ಕಿಗೆ ಇಳಿಸಿಕೊಂಡರೆ ಹುಡುಕಲು ಬಂದವನೇ ಕಾಗದದ ಮೇಲೆ ಕೂತಂತೆ. ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಸಿಕ್ಕಿದ್ದನ್ನು ಅಲ್ಲಿ ಉಳಿಸಿಕೊಳ್ಳಬೇಕು.

ಅಡ್ಡಗೆರೆಯ ನ್ಯಾಯ ಸೋಲುವ ಜಾಗವೂ ಇದೇ. ಸುತ್ತುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಿಗೆ ಟ್ರಿಮ್ ಎಂಬ ಆಜ್ಞೆಯಿದೆ. 2009ರ ವಿಂಡೋಸ್ 7ರಿಂದ ಅದು ವಿಂಡೋಸ್‌ನಲ್ಲಿದೆ. ಕಡತ ಅಳಿಸಿದೊಡನೆ ‘ಈ ಜಾಗ ಬೇಡ’ ಎಂಬ ಸುದ್ದಿ ಡಿಸ್ಕಿಗೆ ಹೋಗುತ್ತದೆ, ಅದು ಬಿಡುವಾದಾಗ ಆ ಜಾಗವನ್ನು ನಿಜಕ್ಕೂ ಒರೆಸಿಡುತ್ತದೆ. ಅಲ್ಲಿ ಕಂಪ್ಯೂಟರ್ ಸ್ಲೇಟೇ ಆಗಿಬಿಡುತ್ತದೆ. ಹೊಸ ಲ್ಯಾಪ್‌ಟಾಪ್ ಇರುವವರು ಆರನೆಯ ಸಾಲನ್ನು ನೆಚ್ಚಿಕೊಳ್ಳಬಾರದು.

ನಮ್ಮ ಮನೆಯಲ್ಲಿ ಈ ಸಾಲಿಗೆ ಒಂದು ನೋವಿನ ಹಿನ್ನೆಲೆಯಿದೆ. ತಂಗಿ ಹೋದ ಮೊದಲ ವರ್ಷದ ಕಾಗದಗಳು ಹಳೆಯ ಕಂಪ್ಯೂಟರಿನ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿದ್ದವು. ರಿಪೇರಿಗೆ ಕೊಟ್ಟಾಗ, ಕೇಳದೆಯೇ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ತುಂಬಿ ಕೊಟ್ಟರು. ವರ್ಷವಿಡೀ ಅದರ ಮೇಲೆಯೇ ಬರೆದ ನಂತರ ಕೆದಕಿ ನೋಡಿದೆ. ತುಂಡು ತುಂಡು ಸಾಲುಗಳು ಸಿಕ್ಕವು, ಪೂರ್ತಿ ಕಾಗದ ಒಂದೂ ಸಿಗಲಿಲ್ಲ.

7. ಬರೆದವಳನ್ನು ಕೇಳು.

ಇದನ್ನು ಕೊನೆಗೆ ಬರೆದದ್ದು ನನ್ನ ತಪ್ಪು, ಎರಡನೆಯ ಸಾಲಾಗಬೇಕಿತ್ತು. ಕಾಗದಕ್ಕೆ ಎರಡು ಮನೆ. ಅಂಚೆಯ ಕಾಲದಲ್ಲಿ ಬರೆದವರ ಬಳಿ ಪ್ರತಿ ಉಳಿಯುತ್ತಿರಲಿಲ್ಲ. ಇಮೇಲ್‌ನಲ್ಲಿ ‘ಸೆಂಟ್’ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಆ ಮೊದಲ ವರ್ಷದ ಕಾಗದಗಳನ್ನು ಅಮ್ಮ ಸಂಕೋಚದಿಂದ ಮಗಳ ಬಳಿ ಕೇಳಿರಲೇ ಇಲ್ಲ, ಕಳೆದೆನೆಂದು ಹೇಳುವುದು ಹೇಗೆ ಎಂದು. ಕೇಳಿದ ದಿನ ರಾತ್ರಿಯೇ ತಂಗಿ ಎಲ್ಲವನ್ನೂ ಮತ್ತೆ ಕಳಿಸಿದಳು.

ಎರಡನೆಯ ಮನೆಯ ಬೆಲೆ ದೊಡ್ಡವರಿಗೂ ಗೊತ್ತು. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್‌ನ ಸುಮಾರು ಶೇ 0.02ರಷ್ಟು ಬಳಕೆದಾರರ ಪೆಟ್ಟಿಗೆಗಳು ಖಾಲಿಯಾದವು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಗೂಗಲ್ ಅವನ್ನು ಮರಳಿ ತಂದದ್ದು ಕಂಪ್ಯೂಟರುಗಳಿಂದ ಬೇರೆಯಾಗಿ ಇಟ್ಟಿದ್ದ ಟೇಪುಗಳಿಂದ. ತಂತಿ ತಗುಲದ ಪ್ರತಿಗೆ ತಪ್ಪೂ ತಗುಲುವುದಿಲ್ಲ.

ಮನೆಯಲ್ಲಿ ಹಿರಿಯರ ಕಾಗದಗಳು ಕಂಪ್ಯೂಟರಿನಲ್ಲಿದ್ದರೆ, ಈ ಭಾನುವಾರ ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು, ಜಿಮೇಲ್ ಆದರೆ ಗೂಗಲ್ ಟೇಕ್‌ಔಟ್‌ನಿಂದ ಇಳಿಸಿದ ಕಡತವನ್ನು, ಒಂದು ಪೆನ್‌ಡ್ರೈವ್‌ಗೆ ಹಾಕಿ, ಕಿತ್ತು, ಬೀರುವಿನಲ್ಲಿ ಇಡಿ.