ಮೂರನೇ ಸ್ಥಾನದ ಲೆಕ್ಕ

ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ವಿಶ್ವಕಪ್‌ಗೆ ಅಭಿಮಾನಿಗಳ ಬರವಿಲ್ಲ. ನನಗೆ ರುಚಿಸುವುದು ಅದರ ಕೆಳಗಿನ ಮೆಟ್ಟಿಲು: ಸ್ಕ್ಯಾಂಡಿನೇವಿಯಾ ಕಪ್, ಮಧ್ಯ ಯುರೋಪಿನ ಆಲ್ಪೆನ್ ಕಪ್, ಜಪಾನ್–ಕೊರಿಯಾ–ಚೀನಾ ಕಡೆಯ ಫಾರ್ ಈಸ್ಟ್ ಕಪ್. ಇಲ್ಲಿ ಒಟ್ಟಾರೆ ಮುಂದಿರುವವರಿಗೆ ವಿಶ್ವಕಪ್‌ಗೆ ರಹದಾರಿ ಸಿಗುತ್ತದೆ. ಹಾಗಾಗಿ ನಾರ್ವೆ ತಂಡ ಕೈಬಿಟ್ಟವನೂ ಇಲ್ಲಿ ಹಲ್ಲುಕಚ್ಚಿ ಓಡುತ್ತಾನೆ. ಟಿವಿಯವರು ಅಷ್ಟಾಗಿ ಇತ್ತ ಸುಳಿಯುವುದಿಲ್ಲ. ನಮಗೆ ದಕ್ಕುವುದು ಫಲಿತಾಂಶದ ಹಾಳೆ. ಓದಲು ಬಂದರೆ ಅದೇ ಸಾಕು.

ನಾನಿರುವ ಕೊಚ್ಚಿ ಬಳಿಯ ಅಂಬಲಮುಗಳ್‌ನಲ್ಲಿ ಕರ್ಕಾಟಕ ಮಾಸದ ಮಳೆ ಜಡಿಯುವ ಹೊತ್ತಿಗೆ ದಕ್ಷಿಣ ಅಮೆರಿಕದಲ್ಲಿ ಹಿಮದ ಕಾಲ. 2025ರಲ್ಲಿ ಚಿಲಿಯ ಕೊರಾಲ್ಕೊದಿಂದ ಬಂದ ಹಾಳೆಯಲ್ಲಿ ಕೊಡಗಿನ ಹೆಸರೊಂದಿತ್ತು: ತೆಕ್ಕಡ ನಂಜುಂಡ ಭವಾನಿ. ಮಹಿಳೆಯರ 5 ಕಿ.ಮೀ. ಓಟ, 21 ನಿಮಿಷ 4.9 ಸೆಕೆಂಡು, ಕಂಚು. ಮುಂದಿದ್ದ ಇಬ್ಬರೂ ಅರ್ಜೆಂಟೀನಾದವರು. ಈ ಆಟದಲ್ಲಿ ಭಾರತಕ್ಕೆ ಬಂದ ಮೊದಲ ಅಂತಾರಾಷ್ಟ್ರೀಯ ಪದಕವೆಂದು ಪತ್ರಿಕೆಗಳು ಸಂಭ್ರಮಿಸಿದವು. ಸಂಭ್ರಮಿಸಬೇಕಾದದ್ದೇ.

ಆದರೆ ಹಾಳೆಯಲ್ಲಿ ಸ್ಥಾನಕ್ಕಿಂತ ಮುಖ್ಯವಾದ ಅಂಕಣ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ (ಎಫ್‌ಐಎಸ್) ಪಾಯಿಂಟ್. ಕಡಿಮೆಯಾದಷ್ಟೂ ಒಳ್ಳೆಯದು. ಒಬ್ಬೊಬ್ಬರಾಗಿ ಹೊರಡುವ ಓಟದಲ್ಲಿ, ಗೆದ್ದವರ ಸಮಯಕ್ಕೆ ಹೋಲಿಸಿ ನೀವೆಷ್ಟು ಹಿಂದುಳಿದಿರೋ ಆ ಪ್ರಮಾಣವನ್ನು 800ರಿಂದ ಗುಣಿಸುತ್ತಾರೆ. ಗೆದ್ದವರು 15 ನಿಮಿಷದಲ್ಲಿ ಮುಗಿಸಿ ನೀವು 45 ಸೆಕೆಂಡು ತಡವಾದರೆ ಶೇ 5, ಅಂದರೆ 40 ಪಾಯಿಂಟ್. ಇದರ ಮೇಲೆ ‘ಪೆನಾಲ್ಟಿ’ ಬೇರೆ. ಮೊದಲ ಐವರಲ್ಲಿ ಅತ್ಯುತ್ತಮ ಪಾಯಿಂಟ್ ಇರುವ ಮೂವರದನ್ನು ಕೂಡಿಸಿ 3.75ರಿಂದ ಭಾಗಿಸಿದ ಮೊತ್ತವದು. ಕಣದಲ್ಲಿ ಬಲಾಢ್ಯರಿಲ್ಲದಿದ್ದರೆ ಪೆನಾಲ್ಟಿ ಏರುತ್ತದೆ. ಚಿನ್ನ ಗೆದ್ದವರೂ ಅದನ್ನು ತಲೆಮೇಲೆ ಹೊತ್ತೇ ಮನೆಗೆ ಹೋಗಬೇಕು! ಘಟಾನುಘಟಿಗಳ ನಡುವೆ ನಲವತ್ತನೆಯವರಾದರೂ ಕೆಲವೊಮ್ಮೆ ಇದಕ್ಕಿಂತ ಲಾಭ.

ಇನ್ನು ಆ ಸೆಕೆಂಡುಗಳನ್ನು ಉಳಿಸಿಕೊಡುವ ಮೇಣದ ವಿಷಯ. ಸ್ಕೀ ತಳಕ್ಕೆ ಇಸ್ತ್ರಿಪೆಟ್ಟಿಗೆಯಿಂದ ಪ್ಯಾರಾಫಿನ್ ಕರಗಿಸಿ ಹನಿಸಿ, ಹರಡಿ, ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಬ್ರಷ್‌ನಿಂದ ಉದ್ದಕ್ಕೆ ಉಜ್ಜುತ್ತಾರೆ. ಹೆಚ್ಚುಕಮ್ಮಿ ಎಲ್ಲವನ್ನೂ ಹೆರೆದು ತೆಗೆಯುವುದೇ ಇದರ ಗುಟ್ಟು; ಕಣ್ಣಿಗೆ ಕಾಣುವಷ್ಟು ಉಳಿದರೆ ಸ್ಕೀ ಎಳೆಯುತ್ತದೆ. ಈ ಪ್ಯಾರಾಫಿನ್ ಕೂಡ ಕಚ್ಚಾತೈಲದ ಕೂಸೇ. ಇಲ್ಲಿನ ರಿಫೈನರಿಯ ಚಿಮಣಿಗಳ ಕೆಳಗೆ ಕೂತು ಹಿಮದ ಆಟದ ಬಗ್ಗೆ ಬರೆಯುವವನಿಗೆ ಅಷ್ಟೇ ಸಮಾಧಾನ. 2023–24ರಿಂದ ಫ್ಲೋರಿನ್ ಮೇಣ ನಿಷೇಧವಾದದ್ದು ಬಡ ತಂಡಗಳಿಗೆ ಒಳ್ಳೆಯದೇ ಆಯಿತು. ದುಬಾರಿ ಪುಡಿಯ ಪೈಪೋಟಿಯಾದರೂ ತಪ್ಪಿತು. ವಿಶ್ವಕಪ್‌ಗೆ ಲಾರಿಯಷ್ಟು ದೊಡ್ಡ ಮೇಣದ ಕೋಣೆ ತರುವವರಿದ್ದಾರೆ. ಕೆಳಗಿನ ಕಪ್‌ಗಳಲ್ಲಿ ಎಷ್ಟೋ ಸಲ ಓಡುವವರೇ ಹೆರೆಯಬೇಕು.

ಗುಲ್ಮಾರ್ಗ್‌ನ ಖೇಲೋ ಇಂಡಿಯಾದಲ್ಲಿ ಚಿನ್ನ ಗೆದ್ದ ನಮ್ಮವರಿಗೆ ಈಗ ಬೇಕಿರುವುದು ಇನ್ನೊಂದು ಸುಲಭದ ಪದಕವಲ್ಲ. ನನ್ನ ಕೈಯಲ್ಲಿ ಟಿಕೆಟ್ ಹಣವಿದ್ದರೆ ಜಪಾನಿನ ಒಟೊಯಿನೆಪ್ಪುವಿಗೆ ಕಳಿಸುತ್ತಿದ್ದೆ. ಫಾರ್ ಈಸ್ಟ್ ಕಪ್‌ನ ಆ ಕಣದಲ್ಲಿ ಜಪಾನಿನ ಕಾಲೇಜು ಹುಡುಗಿಯರೇ ಬೆವರಿಳಿಸುತ್ತಾರೆ. ಸ್ಥಾನ ಎಷ್ಟನೆಯದೇ ಬರಲಿ, ಅಂತರ ಎಷ್ಟು ಸೆಕೆಂಡು ಇಳಿಯಿತೆಂದು ನೋಡೋಣ.