ಉದಕಾರ್ಗಳವೂ ಬಾವಿಯ ಆಯುಸ್ಸೂ

ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದ (ಸು. 1025) ಉದಕಾರ್ಗಳ ಪ್ರಕರಣವನ್ನು ಭೂಜಲವಿಜ್ಞಾನವೆಂದು ಕೊಂಡಾಡುವವರೂ ಬರಿಯ ಶಕುನವೆಂದು ತಳ್ಳುವವರೂ, ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ವಿಚಾರಿಸಿದಂತೆ ತೋರುವುದಿಲ್ಲ. ವರಾಹಮಿಹಿರನ ‘ಬೃಹತ್ಸಂಹಿತೆ’ಯಿಂದ ಬಂದ ಈ ಪರಂಪರೆಯು ಮರ, ಹುತ್ತ, ಮಣ್ಣುಗಳ ಲಕ್ಷಣದಿಂದ ಎಲ್ಲಿ, ಎಷ್ಟು ಆಳಕ್ಕೆ ಅಗೆಯಬೇಕೆಂಬುದನ್ನು ಹೇಳುತ್ತದೆ. ನೀರು ಅಕ್ಷಯವೆಂದು ಸಾರುವುದೂ ಉಂಟು. ಇಷ್ಟು ಎತ್ತಿದರೆ ಇಷ್ಟು ಕಾಲ ಎಂಬ ಲೆಕ್ಕ ಮಾತ್ರ ಅಲ್ಲಿಲ್ಲ.

ಅರ್ಕಾವತಿಯ ಸೀಮೆಯ ಹಾರೋಹಳ್ಳಿಯಲ್ಲಿ ಇದನ್ನು ಒರೆಹಚ್ಚಿ ನೋಡೋಣ. ಅಲ್ಲಿಯ ಗಟ್ಟಿ ನೈಸ್ ಶಿಲೆಯನ್ನು ಗೋಡೆಯಂತೆ ಸೀಳಿ ನಿಂತ ಡೈಕುಗಳಲ್ಲಿ ಒಂದು ಗುಂಪಿಗೆ, 2008ರಲ್ಲಿ ಪ್ರಕಟವಾದ ಕಾಲನಿರ್ಣಯದಂತೆ, ಸುಮಾರು 119 ಕೋಟಿ ವರ್ಷಗಳ ವಯಸ್ಸು. ಮೇಲಿನ ಶಿಥಿಲ ಪದರದಲ್ಲಿ ತೋಡಿದ ತೆರೆದ ಬಾವಿಗೆ ಹುತ್ತದ ಸಾಕ್ಷ್ಯ ಸಲ್ಲಬಹುದು. ನೂರಾರು ಅಡಿ ಕೊರೆದ ಕೊಳವೆ ಬಾವಿಗೆ ನೀರು ಬರುವುದು ಕಲ್ಲಿನ ಬಿರುಕಿನಿಂದ. ಮೊದಲು ಚಿಮ್ಮುವುದು ಬಿರುಕಿನಲ್ಲಿ ಕೂಡಿದ್ದ ನೀರು. ಬಳಿಕ ದೊರೆಯುವುದು ಮೇಲಿನ ಪದರದಿಂದ ಅದಕ್ಕೆ ಒಸರಿದಷ್ಟೇ. ಕೊರೆದ ದಿನದ ಇಂಚುಗಳನ್ನು ನಂಬಿ, ಸಾಲಮಾಡಿ ಹಿಪ್ಪುನೇರಳೆ ನಾಟಿದ ರೈತನಿಗೆ ಮೂರನೆಯ ಬೇಸಗೆಯೇ ಮುಖ್ಯ ಪ್ರಶ್ನೆ.

ಎಣ್ಣೆ, ಅನಿಲಗಳ ಶೋಧಕರಿಗೂ ಇದೇ ಪ್ರಶ್ನೆ ಎದುರಾಯಿತು. 1945ರಲ್ಲಿ ಆರ್ಪ್ಸ್ ವ್ಯವಸ್ಥೆಗೊಳಿಸಿದ ಇಳಿಕೆಯ ರೇಖೆಯು ಕಳೆದ ತಿಂಗಳುಗಳ ಉತ್ಪತ್ತಿಯನ್ನು ನೋಡಿ ಮುಂದಿನದನ್ನು ಎಳೆಯುತ್ತದೆ; ನಮ್ಮ ಎಣಿಕೆಯಲ್ಲಿ ಇದೂ ಒಂದು ಲಕ್ಷಣಶಾಸ್ತ್ರವೇ, ಅಂಕೆಗಳ ಹುತ್ತ! ಒತ್ತಡದಿಂದ ಬಿರುಕುಗೊಳಿಸಿದ ಶೇಲ್ ಶಿಲೆಯಲ್ಲಿ ಅದು ಎಡವುತ್ತದೆ. ಅಲ್ಲಿ ಮೊದಮೊದಲು ಕಾಲವು ನಾಲ್ಮಡಿಯಾದಾಗ ಹರಿವು ಅರ್ಧವಾಗುತ್ತದೆ. ನೆರೆಯ ಬಿರುಕುಗಳು ಒಂದರ ಪಾಲನ್ನು ಮತ್ತೊಂದು ಸೆಳೆಯತೊಡಗಿದ ಮೇಲೆ ಇಳಿಕೆ ಇನ್ನೂ ತೀವ್ರ. ಮೊದಲ ಭಾಗವನ್ನೇ ಚಾಚಿದವನು ಇಲ್ಲದ ಎಣ್ಣೆಯನ್ನು ಎಣಿಸಿದಂತಾಯಿತು. ಭೌತನಿಯಮಗಳ ಮೇಲೆ ನಿಂತ ಗಣನೆಯಾದರೋ, 1856ರ ಡಾರ್ಸಿಯ ಸೂತ್ರದಿಂದ ಹೊರಟು, ಒತ್ತಡವೆಷ್ಟು, ಬಿರುಕಿನ ಉದ್ದವೆಷ್ಟು, ಎಲ್ಲೆ ಯಾವುದು ಎಂದು ಕಾರಣವನ್ನು ಕೇಳುತ್ತದೆ. ಆದರೆ ಕಾಣದ ಬಿರುಕನ್ನು ಅದೂ ಊಹಿಸಲೇಬೇಕು. ಒಂದೇ ದಿನದ ಪರೀಕ್ಷೆಗೆ ಹಲವು ಊಹೆಗಳು ಸಮವಾಗಿ ಹೊಂದುವುವು. ತಿಂಗಳುಗಟ್ಟಲೆ ನೀರಿನ ಮಟ್ಟವನ್ನು ಅಳೆದು ಬರೆದಿಡದ ಊರಿನಲ್ಲಿ ಈ ಗಣಿತಕ್ಕೆ ಹಿಡಿತವಿಲ್ಲ.

ವರಾಹಮಿಹಿರನು ಭೂಮಿಯ ಜಲಸಿರೆಗಳನ್ನು ದೇಹದ ನಾಳಗಳಿಗೆ ಹೋಲಿಸಿದ್ದಾನೆ. ಗಟ್ಟಿ ಕಲ್ಲಿನ ನಾಡಿಗೆ ಉಪಮೆ ಆಕಾರದಲ್ಲಿ ಒಪ್ಪುತ್ತದೆ, ಪೂರಣದಲ್ಲಿ ಒಪ್ಪುವುದಿಲ್ಲ. ಈ ಸಿರೆಗಳಿಗೆ ಮಳೆಯ ಹೊರತು ಹೃದಯವಿಲ್ಲ. ಶಾಸ್ತ್ರದ ಹೆಸರೇ ಹೆಚ್ಚು ಸೂಕ್ಷ್ಮವೆಂದು ನಮಗೆ ತೋರುತ್ತದೆ: ಅರ್ಗಳವೆಂದರೆ ಅಗುಳಿ. ಬಿರಿಯದ ಡೈಕು ನೀರನ್ನು ತಡೆಯುತ್ತದೆ, ಬಿರಿದುದು ಹಾಯಿಸುತ್ತದೆ. ಹಾರೋಹಳ್ಳಿಯ ಯಾವ ಅಗುಳಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಹುತ್ತವೂ ಹೇಳದು, ಮೊದಲ ದಿನದ ಇಂಚೂ ಹೇಳದು.