ವೀರ್ಯದಲ್ಲಿ 'ಕೀವುಕೋಶ' ಕಂಡೊಡನೆ ಪ್ರತಿಜೈವಿಕವೆ?

ಶಾಂತಿಗ್ರಾಮದ ಗಂಡ-ಹೆಂಡತಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಹೆಂಡತಿಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಗಂಡನೂ ಹಾಸನಕ್ಕೆ ಹೋಗಿ ವೀರ್ಯ ಪರೀಕ್ಷೆ ಮಾಡಿಸುತ್ತಾನೆ. ವರದಿಯಲ್ಲಿ 'ಪಸ್ ಸೆಲ್ಸ್ 8-10' ಎಂದಿದೆ. ಎರಡು ವಾರಕ್ಕೆ ಪ್ರತಿಜೈವಿಕ ಮಾತ್ರೆ. ಮತ್ತೆ ಪರೀಕ್ಷೆ, ಮತ್ತೆ ಮಾತ್ರೆ. ಈ ದಂಪತಿ ಕಾಲ್ಪನಿಕ, ಚಿಕಿತ್ಸೆಯ ರೀತಿ ಮಾತ್ರ ಕಾಲ್ಪನಿಕವಲ್ಲ. ಇದರ ಹಿಂದಿನ ತರ್ಕವನ್ನು ನೀವೇ ಪರಿಶೀಲಿಸಿ.

ಮೊದಲನೆಯದಾಗಿ, ಆ ದುಂಡು ಕೋಶಗಳು ಕೀವುಕೋಶಗಳೇ ಎಂದು ತಿಳಿದದ್ದು ಹೇಗೆ? ವೃಷಣದಿಂದ ಬಂದ, ಪೂರ್ತಿ ಬೆಳೆಯದ ಜನನಕೋಶಗಳೂ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹಾಗೆಯೇ ಕಾಣುತ್ತವೆ. ಇವೆರಡನ್ನು ಬೇರ್ಪಡಿಸಲು ಪೆರಾಕ್ಸಿಡೇಸ್ ಕಿಣ್ವವನ್ನು ಗುರುತಿಸುವ ವರ್ಣಪರೀಕ್ಷೆ ಇದೆ. ಒಂದು ಮಿಲಿಲೀಟರಿನಲ್ಲಿ 10 ಲಕ್ಷಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳಿದ್ದರೆ ಉರಿಯೂತವನ್ನು ಶಂಕಿಸುವುದು ರೂಢಿ. ಆದರೆ ಉರಿಯೂತವೆಂದರೆ ಸೋಂಕೇ ಆಗಬೇಕಿಲ್ಲ. ಕೃಷಿಕೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಚರ್ಮದಿಂದಲೋ ಮೂತ್ರನಾಳದ ತುದಿಯಿಂದಲೋ ಸೇರಿರಬಹುದು. ಇನ್ನೊಂದೆಡೆ, ಕ್ಲಮೀಡಿಯ ಜೀವಕೋಶದ ಒಳಗೆ ಮಾತ್ರ ಬೆಳೆಯುವುದರಿಂದ ಸಾಮಾನ್ಯ ಕೃಷಿಕೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ನ್ಯೂಕ್ಲಿಯಿಕ್ ಆಮ್ಲದ ಪರೀಕ್ಷೆ ಬೇಕು.

ಸೋಂಕು ನಿಜವಾಗಿದ್ದರೆ ಚಿಕಿತ್ಸೆ ಬೇಕೇ ಬೇಕು. ಗೊನೊರಿಯಾ, ಕ್ಲಮೀಡಿಯಗಳಲ್ಲಿ ಸಂಗಾತಿಗೂ ಬೇಕು. ಬಿಳಿ ರಕ್ತಕಣಗಳು ಹೊರಸೂಸುವ ಕ್ರಿಯಾಶೀಲ ಆಕ್ಸಿಜನ್ ಸಂಯುಕ್ತಗಳು ವೀರ್ಯಾಣುವಿನ ಪೊರೆಯನ್ನು ಕೆಡಿಸುತ್ತವೆ. ಅಧಿವೃಷಣದ ನಾಳವೇ ಮುಚ್ಚಿಹೋಗಬಹುದು. ಪ್ರತಿಜೈವಿಕ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕಲೆಗಟ್ಟಿ ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಚಿಕಿತ್ಸೆಯಿಂದ ವೀರ್ಯದ ಗುಣಮಟ್ಟ ಸುಧಾರಿಸಬಹುದು, ಗರ್ಭಧಾರಣೆಯ ಸಂಭವ ಹೆಚ್ಚುತ್ತದೆಂದು ಹೇಳಲಾಗದು ಎಂಬುದೇ ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯ ನಿಲುವು.

'ಮಾತ್ರೆ ತೆಗೆದುಕೊಂಡ ಮೇಲೆ ಸಂಖ್ಯೆ ಏರಿತಲ್ಲ?' ಎಂದು ನೀವು ಕೇಳಬಹುದು. ಒಬ್ಬನೇ ವ್ಯಕ್ತಿಯ ವೀರ್ಯಾಣು ಸಂಖ್ಯೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ತೀರಾ ಕಡಿಮೆ ಬಂದ ದಿನ ಔಷಧಿ ಕೊಟ್ಟರೆ, ಮುಂದಿನ ಸಲ ತಾನಾಗಿಯೇ ಹೆಚ್ಚು ಬರುವ ಸಾಧ್ಯತೆ ಇದೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಎರಡೇ ವಾರದಲ್ಲಿ ಕಂಡ ಏರಿಕೆ ಏನನ್ನು ಸಾಬೀತುಪಡಿಸುತ್ತದೆ? ಔಷಧಿ ಪಡೆಯದ ಹೋಲಿಕೆಯ ಗುಂಪು ಇಲ್ಲದೆ ಉತ್ತರವಿಲ್ಲ.

ಈ ಪಾಠ ಹಳೆಯದು. 1677ರಲ್ಲಿ ಯೋಹಾನ್ ಹಾಮ್ ಎಂಬ ವಿದ್ಯಾರ್ಥಿ ಗೊನೊರಿಯಾ ರೋಗಿಯ ವೀರ್ಯವನ್ನು ಲೇವನ್‌ಹುಕ್‌ನ ಬಳಿ ತಂದ. ಅದರಲ್ಲಿ ಚಲಿಸುತ್ತಿದ್ದ ಬಾಲದ ಜೀವಿಗಳು ರೋಗದಿಂದ ಹುಟ್ಟಿದವೆಂದು ಅವನ ಊಹೆ. ಲೇವನ್‌ಹುಕ್ ಆರೋಗ್ಯವಂತರ ವೀರ್ಯದಲ್ಲೂ ಅವನ್ನೇ ಕಂಡ. ಅವು ವೀರ್ಯಾಣುಗಳು!

ಅನಗತ್ಯ ಮಾತ್ರೆಗೆ ಬೆಲೆಯೂ ಇದೆ. ನೈಟ್ರೊಫ್ಯುರಾಂಟೊಯಿನ್ ಹೆಚ್ಚಿನ ಪ್ರಮಾಣದಲ್ಲಿ ವೀರ್ಯಾಣು ಉತ್ಪಾದನೆಯನ್ನೇ ತಗ್ಗಿಸಬಲ್ಲದು. ಬ್ಯಾಕ್ಟೀರಿಯಾ ನಿರೋಧ ಬೆಳೆಸಿಕೊಳ್ಳುತ್ತವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಂತೆ ಹಲವು ಪ್ರತಿಜೈವಿಕಗಳ ಮಾರಾಟವನ್ನು ಔಷಧಿ ಅಂಗಡಿಯವರು ದಾಖಲಿಸಬೇಕಾಗಿರುವುದು ಇದಕ್ಕಾಗಿಯೇ. ಎಲ್ಲಕ್ಕಿಂತ ದೊಡ್ಡ ನಷ್ಟ ಕಾಲದ್ದು: ಗಂಡ ಮಾತ್ರೆ ನುಂಗುತ್ತಿರುವಾಗ ಹೆಂಡತಿಯ ವಯಸ್ಸು ಕಾಯುವುದಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಾರಣವೂ ಇರುತ್ತದೆ. ನಮ್ಮ ಆಡುಮಾತಿನಲ್ಲಿ 'ಬಂಜೆ' ಎಂಬ ಪದ ಹೆಣ್ಣಿಗೆ ಮಾತ್ರ. ಗಂಡಿಗೆ ಹೇಳುವ 'ಷಂಡ' ಎಂಬುದೋ ನಿಮಿರುವಿಕೆಯ ತೊಂದರೆಯನ್ನೂ ಬಂಜೆತನವನ್ನೂ ಒಂದೇ ಎಂದು ಕಲಸುತ್ತದೆ. ಶಿಕ್ಷಕರೇ, ಸಂತಾನೋತ್ಪತ್ತಿಯ ಪಾಠ ಮಾಡುವಾಗ ಈ ಎರಡು ಬೇರೆ ಎಂದು ಬಿಡಿಸಿ ಹೇಳಿ. ಮುಂದೊಂದು ದಿನ ನಿಮ್ಮ ವಿದ್ಯಾರ್ಥಿ ಮೊದಲೇ ಪರೀಕ್ಷೆಗೆ ಹೋಗುತ್ತಾನೆ. ವರದಿ ಕೈಗೆ ಬಂದಾಗ 'ಇದು ಸೋಂಕೇ ಎಂದು ಹೇಗೆ ಗೊತ್ತಾಯಿತು, ಡಾಕ್ಟರೇ?' ಎಂದು ಕೇಳುತ್ತಾನೆ.